ಅಬ್ಬಾರ ಎಡ ಮಣಿಕಟ್ಟಿನಲ್ಲಿ ಬಿಡಾರ ಹೂಡಿರುವ ಗಡಿಯಾರ ಸಾಹೇಬರಿಗೆ

ವಿಷಯ: ತಾವು ದಯವಿಟ್ಟು ನಿಲ್ಲುವ ಕುರಿತು.

ಮಾನ್ಯರೇ,

ಮಾನ್ವಿಯಿಂದ ತಹಮೀನಾ ಮಾಡುವ ಸಲಾಮುಗಳು. ತಮ್ಮ ದೊಡ್ಡ ಮುಳ್ಳಿಗೂ, ಚಿಕ್ಕ ಮುಳ್ಳಿಗೂ, ಅವೆರಡರ ಗೊಡವೆಯೇ ಇಲ್ಲದೆ ಸುತ್ತುತ್ತಿರುವ ಸೆಕೆಂಡಿನ ಮುಳ್ಳಿಗೂ, ಮೂರರ ಅಂಕಿ ಇರಬೇಕಾದ ಜಾಗವನ್ನು ಒತ್ತುವರಿ ಮಾಡಿಕೊಂಡು ಕೂತಿರುವ ತಾರೀಖಿನ ಕಿಟಕಿಗೂ ಬೇರೆ ಬೇರೆಯಾಗಿ ಸಲಾಮು ಸಲ್ಲಿಸಿದ್ದೇನೆಂದು ತಿಳಿಯಬೇಕು. ಇಲ್ಲಿ ಎಲ್ಲರೂ ಕ್ಷೇಮ, ಬಿಸಿಲು ಮಾತ್ರ ನಮಗಿಂತ ಹೆಚ್ಚು ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ರಾಯಚೂರಿನಿಂದ ಬರುವ ಪ್ರತಿ ಫೋನಿನಲ್ಲೂ ಮೊದಲು ತಮ್ಮ ಸುದ್ದಿ, ಆಮೇಲೆ ಅಮ್ಮಿಯ ಸುದ್ದಿ, ಸಮಯ ಉಳಿದರೆ ನನ್ನ ಸುದ್ದಿ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಹತ್ತನೆಯ ತರಗತಿಯ ಮಕ್ಕಳಿಗೆ ನಲ್ಲಿಯಲ್ಲಿ ನೀರು ಬಾರದಿದ್ದರೆ, ಬೀದಿದೀಪ ಉರಿಯದಿದ್ದರೆ ಯಾರಿಗೆ ಹೇಗೆ ದೂರು ಬರೆಯಬೇಕೆಂದು ವರ್ಷವರ್ಷ ಹೇಳಿಕೊಡುತ್ತೇನೆ. ಆದರೆ ಆ ದೂರುಗಳೆಲ್ಲ ಒಂದು ವಸ್ತು ಕೆಲಸ ಮಾಡುತ್ತಿಲ್ಲ ಎಂಬುದಕ್ಕೆ ಬರೆಯುವಂಥವು. ಒಂದು ವಸ್ತು ವಿಪರೀತ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ದೂರು ಬರೆಯುವುದು ಹೇಗೆಂದು ಯಾವ ಪಠ್ಯಪುಸ್ತಕವೂ ಹೇಳಿಲ್ಲ. ಹೀಗಾಗಿ ಬರವಣಿಗೆಯಲ್ಲಿ ಏನಾದರೂ ಊನವಿದ್ದರೆ ಮನ್ನಿಸಬೇಕು.

ನನ್ನ ಕೋರಿಕೆ ಇಷ್ಟೇ: ತಾವು ನಿಲ್ಲಬೇಕು. ತಾವು ನಡೆಯುತ್ತಿರುವವರೆಗೆ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನುಂಗುವುದಿಲ್ಲವೆಂದು ನನ್ನ ತಂದೆ ಬುರ್ಹಾನುದ್ದೀನ್ ಸಾಹೇಬರು ಹಟ ಹಿಡಿದಿದ್ದಾರೆ. ಗಡಿಯಾರಕ್ಕೂ ಮಾತ್ರೆಗೂ ಎಲ್ಲಿಯ ಸಂಬಂಧ ಎಂದು ಈ ಬಹಿರಂಗ ಪತ್ರ ಓದುವ ಬೇರೆ ಜನ ಕೇಳಬಹುದಾದ್ದರಿಂದ, ತಮಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ. ಬೇಸರಪಡದೆ ಕೇಳಬೇಕು, ಹೇಗೂ ಹೊತ್ತು ತಮ್ಮ ಬಳಿಯೇ ಇದೆ.

ತಮ್ಮನ್ನು ಅಬ್ಬಾ ಹೈದರಾಬಾದಿನಿಂದ ತಂದದ್ದು ನನ್ನ ಮದುವೆಗೆ. ಹೆಣ್ಣಿನ ಕಡೆಯವರು ಗಂಡಿಗೆ ಗಡಿಯಾರ ಕೊಡುವುದು, ಅದನ್ನು ಹೆಣ್ಣಿನ ತಮ್ಮ ಎಲ್ಲರ ಎದುರು ಕಟ್ಟುವುದು ನಮ್ಮ ಮನೆಗಳ ರೂಢಿ. ಬ್ಯಾಟರಿಯ ಗಡಿಯಾರವೊಂದನ್ನು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಅಬ್ಬಾ ಹಾಗೆ ಮಾಡದೆ ತಮ್ಮನ್ನೇ ಆರಿಸಿದರು. ತಮಗೆ ಬ್ಯಾಟರಿ ಇಲ್ಲ, ತಲೆ ತಿರುವಿ ಕೀಲಿ ಕೊಡುವ ಸೌಕರ್ಯವೂ ಇಲ್ಲ, ಕಟ್ಟಿಕೊಂಡವರ ಕೈ ಆಡಿದಾಗ ತಮ್ಮ ಹೊಟ್ಟೆಯೊಳಗಿನ ಅರ್ಧಚಂದ್ರದಂಥ ತೂಕ ತಿರುಗಬೇಕು, ಅದರಿಂದ ತಾವೇ ಕೀಲಿ ತುಂಬಿಕೊಳ್ಳಬೇಕು. ತಮ್ಮನ್ನು ಡಬ್ಬಿಯಿಂದ ತೆಗೆದು ಅಬ್ಬಾ ಎಲ್ಲರಿಗೂ ತೋರಿಸುತ್ತ, “ಬ್ಯಾಟರಿ ಘಡಿ ನಕ್ಕೋ, ಬ್ಯಾಡ. ಬ್ಯಾಟರಿ ಇವತ್ತಿಲ್ಲ ನಾಳಿ ಸಾಯ್ತದ. ಇದು ಮನಷ್ಯಾನ ಕೈ ಆಡೂತನಕ ನಡೀತದ” ಎಂದು ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. ಮನೆಯಲ್ಲಿ ನಾವು ಆಡುವುದು ದಖ್ನಿ, ತಮ್ಮ ಅನುಕೂಲಕ್ಕಾಗಿ ನಮ್ಮೂರ ಕನ್ನಡಕ್ಕೆ ಇಳಿಸಿದ್ದೇನೆ.

ಅಬ್ಬಾರ ಲೆಕ್ಕ ಸರಿಯಾಗಿಯೇ ಇತ್ತು, ತಪ್ಪಿದ್ದು ಕೈಯ ಆಯ್ಕೆಯಲ್ಲಿ. ನನ್ನ ಪತಿ ನಯೀಮ್ ಅವರು ಸಜ್ಜನರು, ಸತ್ಯವಂತರು, ಒಮ್ಮೆಯೂ ದನಿಯೇರಿಸಿ ಮಾತಾಡಿದವರಲ್ಲ. ಅವರಲ್ಲಿರುವ ಒಂದೇ ವಿಶೇಷವೆಂದರೆ ಅವರು ಅಲುಗಾಡುವುದಿಲ್ಲ. ಮಾನ್ವಿಯ ಪೇಟೆಯಲ್ಲಿ ಭತ್ತದ ದಲಾಲಿ ವ್ಯಾಪಾರ ಅವರದು. ಗಾದಿಯ ಮೇಲೆ ಬೆಳಿಗ್ಗೆ ಕೂತರೆ ಫೋನು ತಾನಾಗಿ ಕಿವಿಯಲ್ಲಿರುತ್ತದೆ, ಮಾದರಿ ಭತ್ತ ತಾನಾಗಿ ಅವರ ಮೂಗಿನ ಕೆಳಗೆ ಬರುತ್ತದೆ, ಅವರು ಹುಬ್ಬು ಏರಿಸಿದರೆ ಒಂದು ದರ, ಇಳಿಸಿದರೆ ಇನ್ನೊಂದು ದರ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಸುಳ್ಳು ಮಾಡಿ, ಕೂತೇ ಕುಡಿಕೆ ತುಂಬಿಸಿದ ಮಹನೀಯರು. ಅವರ ಎಡಗೈ ತೊಡೆಯ ಮೇಲಿರುತ್ತದೆ. ಬೆಳಿಗ್ಗೆ ಎಲ್ಲಿ ಇಟ್ಟಿದ್ದರೋ ಸಂಜೆಯೂ ಅಲ್ಲೇ ಸಿಗುತ್ತದೆ.

ಅಂಥ ಕೈಗೆ ಏರಿದ ತಾವು ಮದುವೆಯ ವಾರದಲ್ಲೇ ನಿಂತಿರಿ. ನಿಂತು, ಇಡೀ ಪೇಟೆಗೆ ನನ್ನ ಗಂಡ ಏನೂ ಮಾಡುತ್ತಿಲ್ಲವೆಂದು ಸಾರಿದಿರಿ. ಯಾವ ಕಚೇರಿಯ ಹಾಜರಿ ಯಂತ್ರಕ್ಕೂ ಇಲ್ಲದ ಈ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆದರೆ ಹೊಸ ಮದುಮಗಳಿಗೆ ಅಷ್ಟು ಬೇಗ ಅಷ್ಟು ಸತ್ಯ ಬೇಕಿರಲಿಲ್ಲ.

ತಮ್ಮನ್ನು ರಾಯಚೂರಿನ ಗಡಿಯಾರ ರಿಪೇರಿಯ ತಾಯಣ್ಣನವರ ಬಳಿಗೆ ಒಯ್ದೆವು. ಅವರು ತಮ್ಮನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಪರೀಕ್ಷೆಗೆಂದು ಸ್ವಂತ ಕೈಗೇ ಕಟ್ಟಿಕೊಂಡರು. ತಾಯಣ್ಣನವರು ಎರಡೂ ಕೈ ಆಡಿಸದೆ ಒಂದು ಮಾತೂ ಆಡಲಾರದವರು, ಮಾತನ್ನಂತೂ ಬಿಡಲಾರದವರು. ಅವರ ಕೈಯಲ್ಲಿ ತಾವು ಕುದುರೆಯ ಹಾಗೆ ಓಡಿದಿರಿ. ಮೂರು ಸಲ ಒಯ್ದೆವು, ಮೂರು ಸಲವೂ ಓಡಿದಿರಿ. ಕೊನೆಗೆ ಅವರು ಕನ್ನಡಕವನ್ನು ಹಣೆಗೇರಿಸಿ, “ಘಡ್ಯಾಗ ಏನೂ ಇಲ್ಲವ್ವಾ. ಸರ್ವಿಸ್ ಮಾಡೂದು ಇದ್ರ ನಿಮ್ಮ ಮನಿಯವರನ್ನ ಬಿಚ್ಚಿ ಮಾಡಬೇಕು, ಅದು ನನ್ನ ಕಡಿ ಆಗಂಗಿಲ್ಲ” ಎಂದು ಕೈ ಬೀಸಿ ಬೀಸಿ ಹೇಳಿದರು. ಆ ಬೀಸುವಿಕೆಯಿಂದಲೂ ತಮಗೇ ಲಾಭವಾಯಿತು.

ಆಗ ನಾನೇ ಕಟ್ಟಿಕೊಳ್ಳಬಹುದಿತ್ತಲ್ಲ, ದಿನವಿಡೀ ಬೋರ್ಡಿನ ಮೇಲೆ ಬರೆದು ಒರೆಸುವ ಕೈ ನನ್ನದು ಎಂದು ತಾವು ಕೇಳಬಹುದು. ನನ್ನ ಅತ್ತೆ ವಾಹಿದಾ ಅವರು ಬಿಡಲಿಲ್ಲ. ಹೆಣ್ಣಿನ ಕಡೆಯಿಂದ ಬಂದ ಗಡಿಯಾರ ಮರಳಿ ಹೆಣ್ಣಿನ ಕಡೆಯವರ ಕೈಗೆ ಏರಿದರೆ ಅಳಿಯನ ಮಾನ ಇಳಿಯುತ್ತದೆ ಎಂಬುದು ಅವರ ತವರು ಕುರ್ಡಿಯ ಕಾನೂನು. ಕೊಟ್ಟ ಕೈ ಕಟ್ಟಬಾರದು, ಅಷ್ಟೇ. ಬೇರೆ ಯಾರಿಗೆ ಕಟ್ಟಿದರೂ ಅವರ ಅಭ್ಯಂತರವಿರಲಿಲ್ಲ.

ಹಾಗಾಗಿ ತಮ್ಮನ್ನು ಮೊದಲು ಟೇಬಲ್ ಫ್ಯಾನಿಗೆ ಕಟ್ಟಿದೆವು. ಅದು ಎಡಕ್ಕೂ ಬಲಕ್ಕೂ ಕತ್ತು ಹೊರಳಿಸುವಾಗ ತಾವೂ ಹೊರಳಿ ಸುಖವಾಗಿದ್ದಿರಿ, ಕರೆಂಟು ಹೋದಾಗ ಇಬ್ಬರೂ ಒಟ್ಟಿಗೆ ನಿಂತಿರಿ. ಆಮೇಲೆ ಕುರ್ಡಿಯಿಂದ ಬಂದಿದ್ದ ಹೋತಿನ ಕೊರಳಿಗೆ ಕಟ್ಟಿದೆವು. ಒಂದು ಗಳಿಗೆಯೂ ಸುಮ್ಮನಿರದ ಪ್ರಾಣಿ ಅದು, ಕಟ್ಟಿದವರು ನಾಚುವಷ್ಟು ಕರಾರುವಾಕ್ಕಾಗಿ ನಡೆದಿರಿ. ಮಾನ್ವಿಯಲ್ಲಿ ಆ ದಿನಗಳಲ್ಲಿ ಸರಿಯಾದ ಹೊತ್ತು ಬೇಕಾದವರು ಹೋತನ್ನು ಹುಡುಕಿಕೊಂಡು ಬರುತ್ತಿದ್ದರು. ಅಷ್ಟರಲ್ಲಿ ಬಕ್ರೀದ್ ಬಂತು, ಉಳಿದದ್ದನ್ನು ಬರೆಯುವುದು ಸಭ್ಯತೆಯಲ್ಲ. ಒಮ್ಮೆ ಮಾತ್ರ ತಾವು ನನ್ನ ಗಂಡನ ಕೈಯಲ್ಲೇ ಚೈತನ್ಯ ಪಡೆದದ್ದುಂಟು. ದೇವದುರ್ಗದ ಒಂದು ಮದುವೆಗೆ ಹೋಗುವಾಗ ಬಸ್ಸಿನಲ್ಲಿ ಸೀಟು ಸಿಗದೆ ಅವರು ಮೇಲಿನ ಸರಳು ಹಿಡಿದು ನಿಂತಿದ್ದರು, ರಸ್ತೆ ಅವರನ್ನು ಧಾನ್ಯದ ಹಾಗೆ ಕೇರಿ ಕೊಟ್ಟಿತು, ಮದುವೆಯ ಊಟದ ಹೊತ್ತಿಗೆ ತಾವು ಟಿಕ್ ಟಿಕ್ ಎನ್ನುತ್ತಿದ್ದಿರಿ. ದಿನಾ ದೇವದುರ್ಗಕ್ಕೆ ನಿಂತು ಹೋಗಿ ಬನ್ನಿ ಎಂದು ನಾನು ಕೊಟ್ಟ ಸಲಹೆಗೆ ಅವರು ಒಂದು ಹುಬ್ಬನ್ನು ಮಾತ್ರ ಎತ್ತಿದರು.

ಇಷ್ಟೆಲ್ಲ ಒದ್ದಾಟ ಏತಕ್ಕೆಂದರೆ ಈದಿಗೆ. ಪ್ರತಿ ಈದಿನ ದಿನ ನಾವು ರಾಯಚೂರಿಗೆ ಹೋದಾಗ ಅಬ್ಬಾ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ದಾಮಾದ್ ಸಾಹೇಬ್ರ, ಟೈಮ್ ಎಷ್ಟಾತ್ರೀ?” ಎಂದು ಕೇಳುತ್ತಾರೆ. ಎದುರಿನ ಗೋಡೆಯಲ್ಲಿ ದೊಡ್ಡ ಗಡಿಯಾರವಿದೆ. ಆದರೂ ಕೇಳುತ್ತಾರೆ. ಕೊಟ್ಟದ್ದನ್ನು ಕಟ್ಟಿದ್ದೀರಾ, ಅದು ನಡೆಯುತ್ತಿದೆಯಾ, ನನ್ನ ಮಗಳು ಸುಖವಾಗಿದ್ದಾಳಾ ಎಂಬ ಮೂರು ಪ್ರಶ್ನೆಗಳನ್ನು ಒಂದರಲ್ಲಿ ಕೇಳುವ ದೊಡ್ಡವರ ವಿಧಾನ ಅದು. ನಿಂತಿದೆ ಎಂದು ಹೇಗೆ ಹೇಳುವುದು? ನಯೀಮ್ ಅವರು ರಾಯಚೂರು ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ತಮ್ಮನ್ನು ಅಲ್ಲಾಡಿಸಿ ಎಬ್ಬಿಸಿ, ಫೋನು ನೋಡಿ ಮುಳ್ಳು ಸರಿಮಾಡಿಕೊಂಡು ಬಂದು, “ಒಂದ್ ದಿವ್ಸ ಸುದ್ದಾ ನಿಂತಿಲ್ಲ ಅಬ್ಬಾ” ಎಂದು ಹೇಳುತ್ತಿದ್ದರು. ತಮ್ಮ ಸತ್ಯಸಂಧತೆಗೆ ಸರಿಸಮನಾದ ಸುಳ್ಳು ಅದು.

ಇನ್ನು ಅಬ್ಬಾರ ಕೈಯ ವಿಷಯ. ರಾಯಚೂರಿನ ಬಟ್ಟೆ ಬಜಾರಿನಲ್ಲಿ ಬುರ್ಹಾನುದ್ದೀನ್ ಸಾಹೇಬರ ಕೈ ಎಂದರೆ ಹೆಸರುವಾಸಿ. ಅಂಚಿಗೆ ಕತ್ತರಿಯನ್ನು ಒಮ್ಮೆ ಮುಟ್ಟಿಸಿ ಎರಡೂ ಕೈಯಿಂದ ಚರ್ರನೆ ಹರಿದರೆ ಬಟ್ಟೆ ನೂಲು ಹಿಡಿದು ನೆಟ್ಟಗೆ ಹರಿಯುತ್ತಿತ್ತು, ದರ್ಜಿಗಳು ಆ ಅಂಚನ್ನು ನೋಡಿಯೇ ಇದು ಯಾವ ಅಂಗಡಿಯದೆಂದು ಹೇಳುತ್ತಿದ್ದರು. ಆ ಎಡಗೈ ನಡುಗತೊಡಗಿತು. ಮೊದಲು ಬೆರಳು, ಆಮೇಲೆ ಮಣಿಕಟ್ಟು. ಅಬ್ಬಾ ಯಾರಿಗೂ ಹೇಳಲಿಲ್ಲ. ಕೈಯನ್ನು ಶೇರ್ವಾನಿಯ ಜೇಬಿನಲ್ಲಿ ಇಟ್ಟುಬಿಟ್ಟರು. ಅಂಗಡಿಯ ಗದ್ದಲ ಸೇರುವುದಿಲ್ಲವೆಂದು ನನ್ನ ತಮ್ಮ ರಾಹಿಲನನ್ನು ಕೂರಿಸಿ ಮನೆಯಲ್ಲೇ ಉಳಿದರು. ಬಂದವರೆದುರು ಚಹಾ ಒಲ್ಲೆ ಎನ್ನುವರು, ಅವರು ಹೋದಮೇಲೆ ಅಡುಗೆಮನೆಯಲ್ಲಿ ನಮ್ಮ ಅಮ್ಮಿ ಖತೀಜಾ ಬೀ ಅರ್ಧ ಲೋಟ ಹಿಡಿದು ಕುಡಿಸುವರು. ನಮಗೆಲ್ಲ ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿದರೆ ಅವರ ಮರ್ಯಾದೆಗೆ ಕುಂದೆಂದು ನಾವೂ ಸುಮ್ಮನಿದ್ದೆವು. ಹೀಗೆ ನಮ್ಮ ವಂಶದಲ್ಲಿ ಒಂದು ಆಡದ ಕೈ, ಒಂದು ನಿಲ್ಲದ ಕೈ, ಎರಡನ್ನೂ ಅತಿ ವಿನಯದಿಂದ ಮುಚ್ಚಿಟ್ಟುಕೊಂಡು ಎಷ್ಟೋ ಈದುಗಳನ್ನು ದಾಟಿದೆವು.

ಕಳೆದ ರಂಜಾನ್ ಈದಿನಲ್ಲಿ ತಾವು ಮಾಡಿದ್ದನ್ನು ನೆನಪಿಸುತ್ತೇನೆ. ಊಟಕ್ಕೆ ಮುಂಚೆ ಅಳಿಯ ಗಡಿಯಾರ ಬಿಚ್ಚಿ ಮಾವನ ಕೈಗೆ ಕೊಡುವುದು, ಭಾವಮೈದುನ ಅಳಿಯನ ಕೈಮೇಲೆ ನೀರು ಹಾಕುವುದು ನಮ್ಮ ಮನೆಯ ಪದ್ಧತಿ. ಕೈ ನಡುಗಲು ಹತ್ತಿದಮೇಲೆ ಅಬ್ಬಾ, “ತಟ್ಟಿಯೊಳಗ ಇಡ್ರಿ” ಎಂದು ಜಾಣತನ ಮಾಡುತ್ತಿದ್ದರು. ಆ ದಿನ ತಟ್ಟೆಯ ಮೇಲೆ ಶೀರ್‌ಖುರ್ಮಾದ ಬಟ್ಟಲುಗಳಿದ್ದವು. ನಯೀಮ್ ಅವರು ತಮ್ಮನ್ನು ಹಿಡಿದು ನಿಂತರು, ಅಬ್ಬಾ ಒಂದು ಗಳಿಗೆ ತಡವರಿಸಿದರು, ಎಲ್ಲಿ ಬಿದ್ದೀತೋ ಎಂದು ತಮ್ಮನ್ನು ತಟ್ಟನೆ ಎಡಗೈಗೆ ತೊಡಿಸಿಕೊಂಡು ಕೈಯನ್ನು ಜೇಬಿಗಿಳಿಸಿದರು. ಊಟವಾಯಿತು, ಪಾನ್ ಆಯಿತು. ಮರೆತು ಕೂತ ಮಾವನನ್ನು ಗಡಿಯಾರ ಕೊಡಿ ಎಂದು ಕೇಳುವುದು ಅಳಿಯನಿಗೆ ಶೋಭೆಯಲ್ಲ. ನಾವು ಬರಿಗೈಯಲ್ಲಿ ಮಾನ್ವಿಗೆ ಮರಳಿದೆವು. ಅತ್ತೆ ಮೂರು ದಿನ ನನ್ನೊಡನೆ ಸಾಲಂಕೃತ ಮೌನದಲ್ಲಿ ಮಾತಾಡಿದರು.

ನಾಲ್ಕನೆಯ ದಿನ ಅಬ್ಬಾರ ಫೋನು ಬಂತು. ಇಷ್ಟು ವರ್ಷಗಳಲ್ಲಿ ಅವರ ದನಿ ಅಷ್ಟು ಹುರುಪಿನಿಂದ ಇದ್ದದ್ದು ನಾನು ಕೇಳಿರಲಿಲ್ಲ. “ಏನ್ ಘಡಿ ಅದಬೇ ಇದು, ಒಂದ್ ಸೆಕೆಂಡ್ ಸುದ್ದಾ ಹಿಂದ್ ಬಿದ್ದಿಲ್ಲ” ಎಂದರು. ತಮ್ಮ ಹೊಟ್ಟೆಯ ತೂಕಕ್ಕೆ ಅಬ್ಬಾರ ನಡುಗುವ ಕೈಗಿಂತ ಒಳ್ಳೆಯ ಊಟ ಜಗತ್ತಿನಲ್ಲಿ ಇರಲಿಲ್ಲ. ಮರುವಾರ ಅವರು ಅಂಗಡಿಗೆ ಹೋದರು. ಎಡಗೈಯನ್ನು ಹಣದ ಗಲ್ಲೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಕೂತರು. ಹಳೆಯ ಗಿರಾಕಿಯೊಬ್ಬರು ಕೈ ಯಾಕೆ ಹಿಂಗ ಎಂದು ಕೇಳಿದಾಗ, “ಅಳಿಯಂದಿರ ಘಡಿಗಿ ಕೀಲಿ ಕೊಡಾಕತ್ತೀನಿ” ಎಂದರು. ಬಜಾರು ನಕ್ಕಿತು, ಅಬ್ಬಾ ಕೂಡ ನಕ್ಕರು. ರಾಹಿಲ್ ಇದನ್ನು ಫೋನಿನಲ್ಲಿ ಹೇಳಿದಾಗ ನಾನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ತಮ್ಮ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ಆದರೆ ಸಾಹೇಬರೇ, ತಾವು ಉಪಕಾರವನ್ನು ಅಲ್ಲಿಗೇ ನಿಲ್ಲಿಸಲಿಲ್ಲ. ಬಜಾರಿನವರು ಮನೆಯಲ್ಲಿ ನಿಂತುಬಿದ್ದ, ತಮ್ಮ ಹಾಗೆಯೇ ಬ್ಯಾಟರಿ ಇಲ್ಲದ ಗಡಿಯಾರಗಳನ್ನೆಲ್ಲ ತಂದು ಅಬ್ಬಾರ ಕೈಗೆ ಕಟ್ಟಿಹೋಗತೊಡಗಿದರು. ಒಂದು ದಿನ ಅಮ್ಮಿ ನೋಡುವಾಗ ಮಣಿಕಟ್ಟಿನಿಂದ ಮೊಣಕೈಯವರೆಗೆ ಗಡಿಯಾರಗಳು. “ಈ ಮನಷ್ಯಾ ಕೈತುಂಬ ಬಳಿ ತೊಟ್ಟ ಮದುಮಗಳ ಹಂಗ ಕುಂತಾನ” ಎಂದು ಅಮ್ಮಿ ಫೋನಿನಲ್ಲಿ ಬೈದದ್ದು ಪಕ್ಕದ ಮನೆಗೂ ಕೇಳಿಸಿತು. ಇದೇ ಗುಂಗಿನಲ್ಲಿರುವಾಗ ಅಬ್ಬಾ ಅಂಗಡಿಯ ಮೆಟ್ಟಿಲಲ್ಲಿ ಬಿದ್ದರು. ನಡುಕದ ಜೊತೆಗೆ ಕಾಲೂ ಎಳೆಯತೊಡಗಿದೆ ಎಂದು ಆಗ ತಿಳಿಯಿತು. ಡಾಕ್ಟರು ಮಾತ್ರೆ ಬರೆದರು, ನಡಿಗೆ ಹಗುರಾಗುತ್ತದೆ, ಕೈ ನಡುಕವೂ ಬಹಳ ಇಳಿಯುತ್ತದೆ ಎಂದರು. ಅಬ್ಬಾ ಚೀಟಿ ಮಡಿಚಿಟ್ಟು, “ಕೈ ನಿಂತ್ರ ಘಡಿ ನಿಲ್ತದ. ದಾಮಾದ್‌ಗ ಏನ್ ಹೇಳ್ಲಿ?” ಎಂದರಂತೆ. ಮಾತ್ರೆಗಳು ಬಂದು ಕಪಾಟಿನಲ್ಲಿ ಕೂತಿವೆ. ತಮ್ಮ ಟಿಕ್ ಟಿಕ್ ನಡೆದಿದೆ.

ಇಷ್ಟು ವರ್ಷ ನಿಲ್ಲಬೇಡಿ ನಿಲ್ಲಬೇಡಿ ಎಂದು ತಮ್ಮನ್ನು ಬೇಡಿ, ಅಲ್ಲಾಡಿಸಿ, ಹೋತಿಗೆ ಕಟ್ಟಿದವಳು ಈಗ ಕೈ ಮುಗಿದು ನಿಲ್ಲಿ ಎನ್ನುತ್ತಿದ್ದೇನೆ. ತಾವು ನಡುಕವನ್ನು ಬಿಟ್ಟು ಬೇರೇನನ್ನಾದರೂ ತಿನ್ನುವ ಅಭ್ಯಾಸ ಮಾಡಿಕೊಳ್ಳಬಹುದು: ಮಾನ್ವಿಯ ಬಿಸಿಲನ್ನು ತಿನ್ನಬಹುದು, ಅಮ್ಮಿಯ ಬೈಗುಳವನ್ನು ತಿಂದರೆ ಶತಮಾನ ನಡೆಯಬಹುದು. ಅಥವಾ ತಾವೇ ಅಬ್ಬಾರ ಕಿವಿಗೆ ಏರಿ, ನಾನು ಮಾತ್ರೆ ನುಂಗಿದ ಕೈಯಲ್ಲೂ ನಡೆಯಬಲ್ಲೆ ಎಂದು ಒಂದು ಸುಳ್ಳು ಹೇಳಬಹುದು. ಅವರು ಮತ್ತೆ ಬಿದ್ದಾರು ಎಂದು ನನಗೆ ಹೆದರಿಕೆಯಾಗುತ್ತಿದೆ, ಇದನ್ನು ಅಲಂಕಾರವಿಲ್ಲದೆ ಹೇಳುತ್ತೇನೆ.

ಇಲ್ಲಿಯವರೆಗೆ ಬರೆದು, ಹಾಳೆ ಮಡಿಚಿ, ಭಾನುವಾರ ನಯೀಮ್ ಅವರೊಡನೆ ರಾಯಚೂರಿಗೆ ಹೋದೆ. ಅಲ್ಲಿ ನಡೆದದ್ದನ್ನು ತಾವು ಕಣ್ಣಾರೆ ಕಂಡಿದ್ದೀರಿ, ಆದರೂ ಪತ್ರ ಅರ್ಧಕ್ಕೆ ನಿಲ್ಲಬಾರದೆಂದು ಬರೆಯುತ್ತೇನೆ. ನಾನು ಓದಿ ಹೇಳಿದರೆ ಅಬ್ಬಾ ಕೇಳುತ್ತಾರೆಂದು ಈ ಹಾಳೆಗಳನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ, ತೆಗೆಯುವ ಪ್ರಸಂಗವೇ ಬರಲಿಲ್ಲ. ನಯೀಮ್ ಅವರು ಕೂತ ಜಾಗದಿಂದ ಎದ್ದರು. ಯಾರೂ ಕರೆಯದೆ, ಊಟಕ್ಕಲ್ಲದೆ, ತಾವಾಗಿ ಎದ್ದು ಕೋಣೆ ದಾಟಿ ಅಬ್ಬಾರ ಕಾಲ ಬಳಿ ಕೂತು, “ಅಬ್ಬಾ, ಈ ಘಡಿ ನನ್ನ ಕೈಯಾಗ ಯಾವತ್ತೂ ನಡದಿಲ್ರಿ. ಈದಿಗಿ ಈದಿಗಿ ಸುಳ್ಳ ಹೇಳೀನಿ. ಬಸ್ ಸ್ಟ್ಯಾಂಡಿನ್ಯಾಗ ಅಲ್ಲಾಡಿಸಿ ತರ್ತಿದ್ದೆ” ಎಂದರು.

ಅಬ್ಬಾ, “ಗೊತ್ತದರೀ” ಎಂದರು. “ನಾ ಟೈಮ್ ಕೇಳ್ತಿದ್ದೆ, ತಾರೀಖು ನೋಡ್ತಿದ್ದೆ. ಈದಿನ ದಿನ ನಿಮ್ಮ ಘಡ್ಯಾಗ ಯಾವತ್ತೂ ಈದ್ ಇರತಿರಲಿಲ್ಲ.”

ಮುಳ್ಳು ತಿರುವಿದ ಮಹನೀಯರು ತಾರೀಖು ತಿರುವುವ ಶ್ರಮವನ್ನು ಒಮ್ಮೆಯೂ ತೆಗೆದುಕೊಂಡಿರಲಿಲ್ಲ. ಮೊದಲ ಈದಿನಿಂದಲೂ ಅಬ್ಬಾರಿಗೆ ಗೊತ್ತಿತ್ತು. ಗೊತ್ತಿದ್ದೂ ಏಕೆ ಕೇಳುತ್ತಿದ್ದಿರಿ ಎಂದು ನಾನು ಕೇಳಿದರೆ, “ಇಷ್ಟು ಚಂದಾಗಿ ನನ್ನ ಮನಸ್ಸು ಕಾಯಾಂವ ನನ್ನ ಮಗಳನ್ನ ಕಾಯೂದಿಲ್ಲೇನು ಅಂತ ಕೇಳ್ತಿದ್ದೆ” ಎಂದರು. ಆಗ ನಯೀಮ್ ಅವರು ಮೆಲ್ಲಗೆ, “ನಿಮ್ಮ ಕೈದೂ ನಮಗ ಗೊತ್ತಿತ್ರೀ” ಎಂದರು. ಕೋಣೆಯಲ್ಲಿ ಯಾರೂ ತಲೆ ತಗ್ಗಿಸಲಿಲ್ಲ. ನಯೀಮ್ ಅವರೇ ತಮ್ಮನ್ನು ಅಬ್ಬಾರ ಕೈಯಿಂದ ಬಿಚ್ಚಿದರು. ಅಮ್ಮಿ ಕಪಾಟಿನಿಂದ ಮಾತ್ರೆ ತಂದರು. ಅಬ್ಬಾ ಲೋಟವನ್ನು ಬೇಕೆಂದೇ ಎಡಗೈಯಲ್ಲಿ, ನಮ್ಮೆಲ್ಲರ ಎದುರು ಹಿಡಿದರು. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು, ಅರ್ಧ ಮಾತ್ರೆಯ ಜೊತೆ ಒಳಗೆ ಹೋಯಿತು. “ಮಾತ್ರಿ ನಾ ನುಂಗ್ತೀನಿ, ಘಡಿ ನೀವು ನಡಸ್ರಿ” ಎಂದು ಅಳಿಯನಿಗೆ ಹೇಳಿದರು.

ಆದುದರಿಂದ ತಾವು ನಿಲ್ಲಬೇಕೆಂಬ ಕೋರಿಕೆಯನ್ನು ಗೌರವಪೂರ್ವಕವಾಗಿ ಹಿಂಪಡೆದಿದ್ದೇನೆ. ಈಗ ತಾವು ನಿಂತರೂ ನಮ್ಮ ಮನೆಯಲ್ಲಿ ಯಾರ ಮಾನವೂ ಹೋಗುವುದಿಲ್ಲ. ಅಬ್ಬಾ ಈ ದಿನ ಬೆಳಿಗ್ಗೆ ಫೋನು ಮಾಡಿ, ಅಂಗಡಿಯಲ್ಲಿ ಎಲ್ಲರ ನಡುವೆ ಚಹಾ ಕುಡಿದೆ, ತಟ್ಟೆಗೆ ಚೆಲ್ಲಿದ್ದು ಸ್ವಲ್ಪವೇ ಎಂದರು. ತಮ್ಮ ವಿಷಯ ಕೇಳುವುದನ್ನು ಮರೆತರು. ಬೇಸರಿಸಬಾರದು.

ಮೊದಲಿನಷ್ಟು ಸಿಟ್ಟಿಲ್ಲದ, ಆದರೂ ಪೂರ್ತಿ ಮರೆಯದ,
ತಮ್ಮ ವಿಶ್ವಾಸಿ,
ತಹಮೀನಾ, ಮಾನ್ವಿ

ಮರೆತ ಮಾತು: ಮಾನ್ವಿಗೆ ಮರಳಿದ ಎರಡನೆಯ ದಿನವೇ ತಾವು ನನ್ನ ಪತಿಯ ತೊಡೆಯ ಮೇಲೆ ಎಂದಿನಂತೆ ನಿಂತಿರಿ. ಅಬ್ಬಾ ಮುರಿದ ಕಾನೂನನ್ನು ಇನ್ನೊಮ್ಮೆ ಮುರಿದರೇನು ಎಂದು ಅತ್ತೆಯೇ ತಮ್ಮನ್ನು ನನ್ನ ಬರೆಯುವ ಕೈಗೆ ಕಟ್ಟಿದರು. ಈ ಪತ್ರದ ಉತ್ತರಾರ್ಧವನ್ನು ಬರೆಯುವಾಗ ತಾವು ಅಲ್ಲೇ ಇದ್ದು, ನಾನು ದೂರಿದಷ್ಟೂ ಕೀಲಿ ತುಂಬಿಕೊಂಡು, ಸಹಿ ಹಾಕುವ ಹೊತ್ತಿಗೆ ಕುದುರೆಯ ಹಾಗೆ ಓಡುತ್ತಿದ್ದಿರಿ. ನನ್ನ ಗಂಡನ ಬಗ್ಗೆ ಇನ್ನೂ ಬರೆಯದೆ ಉಳಿದ ದೂರುಗಳನ್ನು ನೋಡಿದರೆ, ತಾವು ನಮ್ಮಿಬ್ಬರಿಗಿಂತ ಹೆಚ್ಚು ಬಾಳುವ ಲಕ್ಷಣ ಕಾಣುತ್ತದೆ. ತಾರೀಖನ್ನು ಮಾತ್ರ ನಾನು ಸರಿಮಾಡಿಲ್ಲ. ಮುಂದಿನ ಈದಿಗೆ ಅಬ್ಬಾ ನೋಡಲಿ.